ಮೂರನೇ ಸಾಲಿನ ಕುರ್ಚಿ

ಎದ್ದಾಗಿತ್ತು. ತಲೆ ಬಾಗಿಸಿಯೂ ಆಗಿತ್ತು. ಇನ್ನು ಕೂರುವುದೊಂದು ಬಾಕಿ, ಅದೇ ಆಗುತ್ತಿರಲಿಲ್ಲ. ಮೊಣಕಾಲು ಅರ್ಧ ಮಡಿಸಿಕೊಂಡು, ಬಲಗೈಯನ್ನು ಮೇಜಿನ ಅಂಚಿಗೆ ಊರಿ, ಅವನು ಆ ದೊಡ್ಡ ಸಭಾಂಗಣದ ಮೂರನೇ ಸಾಲಿನಲ್ಲಿ ಕೀಲು ಕಚ್ಚಿಕೊಂಡ ಬಾಗಿಲಿನ ಹಾಗೆ ನಿಂತುಬಿಟ್ಟಿದ್ದ. ಸಭೆಗಳ ಮೌನ ಅವನಿಗೆ ಹೊಸದಲ್ಲ. ಸಂತಾಪ ಸೂಚನೆಯ ಮೌನದಲ್ಲಾದರೂ ಒಬ್ಬ ಕೆಮ್ಮುತ್ತಾನೆ, ಕಾಗದ ಸರಿದಾಡುತ್ತದೆ, ಯಾರದೋ ಹೊಟ್ಟೆ ಗುರುಗುಟ್ಟುತ್ತದೆ. ಈ ಮೌನದಲ್ಲಿ ಏನೂ ಇರಲಿಲ್ಲ. ಅಷ್ಟೂ ದೇಶಗಳ ಅಷ್ಟೂ ಸಂಸದರು ಒಟ್ಟಿಗೆ ಉಸಿರೆಳೆದುಕೊಂಡು ಬಿಡುವುದನ್ನು ಮರೆತಂತಿತ್ತು. ವೇದಿಕೆಯ ಮೇಲೆ ದಪ್ಪ ಕನ್ನಡಕದ ಮುದುಕಿ, ಸಭಾಧ್ಯಕ್ಷೆ, ಕಾಗದದಲ್ಲಿ ಮುಖ ಹುದುಗಿಸಿ ಈಗಷ್ಟೇ ಒಂದು ಹೆಸರು ಕರೆದವಳು, ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ತೆರೆದ ಬಾಯಿ ಮುಚ್ಚಿರಲಿಲ್ಲ. ಮೇಲೆ ಪ್ರೇಕ್ಷಕರ ಗ್ಯಾಲರಿಯ ಮೊದಲ ಸಾಲಿನಲ್ಲಿ ಒಬ್ಬ ಹೆಂಗಸು ಕಂಬಿ ಹಿಡಿದು ಎದ್ದು ನಿಂತು ಕೆಳಕ್ಕೆ ಬಾಗಿದ್ದಳು. ಅವಳ ಮುಖದಲ್ಲಿದ್ದದ್ದು ಏನು ಅಂತ ಆ ಗಳಿಗೆಯಲ್ಲಿ ಅವನಿಗೆ ತಿಳಿಯಲಿಲ್ಲ. ಇಷ್ಟು ಮಾತ್ರ ತಿಳಿಯಿತು: ತನ್ನನ್ನು ಯಾರೂ ಯಾವತ್ತೂ ಹಾಗೆ ನೋಡಿದ್ದಿಲ್ಲ. ಕಟ್ಟಿಕೊಂಡ ಹೆಂಡತಿಯೂ ಇಲ್ಲ.

ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ, ಕ್ಯಾಮೆರಾ ಕೋಣೆಯಿಂದ, ಭಾವಮೈದುನನ ದನಿ ಪಿಸುಗುಟ್ಟಿತು. "ಭಾವ. ಭಾವ, ಅಲ್ಲೇನ್ ಮಾಡ್ತಿದೀರಿ? ಅದು ಜೈಲಲ್ಲಿರೋರ ಕುರ್ಚಿಯಂತೆ. ಬೇಕೂಂತಲೇ ಖಾಲಿ ಬಿಟ್ಟಿದ್ದಂತೆ. ಏಳಿ ಭಾವ, ಏಳಿ. ಅಯ್ಯೋ, ಎದ್ದೇ ಇದೀರಿ. ಹಾಗಾದ್ರೆ ಹೋಗಿ ಭಾವ, ಎಲ್ಲಾದ್ರೂ ಹೋಗಿ!"

ಖಾಲಿ ಕುರ್ಚಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಅದು ನಿಜ. ಸಂಸತ್ ಭವನದ ಸಭಾ ವಿಭಾಗದಲ್ಲಿ ಅವನಿಗೆ ದೊಡ್ಡದೊಂದು ಹುದ್ದೆಯ ಹೆಸರಿತ್ತು, ಅದು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಿರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕುರ್ಚಿರಾಯ. ಹೊರದೇಶದ ಅತಿಥಿ ವೇದಿಕೆ ಹತ್ತಿ ಶಾಂತಿ, ಸಹಕಾರ, ಪ್ರಜಾಪ್ರಭುತ್ವ ಅಂತ ಶುರು ಹಚ್ಚಿಕೊಂಡ ಹೊತ್ತಿಗೆ ಸದಸ್ಯರೆಲ್ಲ ಊಟದ ಹಾಲಿಗೆ ಜಾರಿರುತ್ತಾರೆ. ಟೀವಿಯಲ್ಲಿ ನೋಡಿದರೆ ಅರ್ಧ ಸಭೆ ಬೋಳು. ಆ ಬೋಳು ಮುಚ್ಚುವ ವಿದ್ಯೆ ಅವನದು. ಗ್ರಂಥಾಲಯ, ಲೆಕ್ಕಪತ್ರ, ಅಂಚೆ ಶಾಖೆ ಎಲ್ಲೆಲ್ಲಿಂದಲೋ ಕೋಟು ಇರುವವರನ್ನು, ತಲೆ ಬಾಚಿಕೊಂಡವರನ್ನು ಹೆಕ್ಕಿ ತಂದು ಕೂರಿಸುತ್ತಿದ್ದ. ಅವರಿಗೆ ಭರ್ತಿಯವರು ಅಂತ ಹೆಸರು. ಪಾಠವನ್ನೂ ಅವನೇ ಹೇಳಿಕೊಡುತ್ತಿದ್ದ. ಆಕಳಿಸಬಾರದು. ಬರೆಯುವ ಹಾಗೆ ಕೈ ಆಡಿಸಬೇಕು. ಎದುರಿನ ಫಲಕದ ಮೇಲಿರುವ ಹೆಸರು ಕರೆದರೆ ಯಾರಪ್ಪಾ ಇವನು ಅಂತ ಅತ್ತಿತ್ತ ನೋಡಬಾರದು. ಅರ್ಧ ಎದ್ದು, ತಲೆ ಬಾಗಿಸಿ, ಕೂತುಬಿಡಬೇಕು. "ಅದು ನಿಮ್ಮ ಹೆಸರಲ್ಲ ಕಣ್ರಪ್ಪ, ಕುರ್ಚಿ ಹೆಸರು. ಕುರ್ಚಿ ಪರವಾಗಿ ನೀವು ಏಳ್ತೀರಿ, ಅಷ್ಟೆ," ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಈವತ್ತು ಬೆಳಿಗ್ಗೆಯೂ ಅವನ ಕೋಟಿನ ಗುಂಡಿಗೆ ದಾರ ಸುತ್ತಿ ಹಲ್ಲಿನಿಂದ ಕಡಿಯುತ್ತಾ, "ಪ್ರಪಂಚದೋರ ಜಾಗ ಎಲ್ಲಾ ತುಂಬಿಸ್ತೀರಿ ರೀ. ಊಟದ ಹೊತ್ತಿಗೆ ಈ ಮನೇಲಿ ನಿಮ್ಮ ಜಾಗಕ್ಕೂ ಯಾರನ್ನಾದ್ರೂ ಕಳಿಸಿ," ಅಂದಿದ್ದಳು. ಅವನು ಕನ್ನಡಿಯಲ್ಲಿ ಕೋಟು ನೋಡಿಕೊಳ್ಳುತ್ತಿದ್ದ. ಕೋಟು ಭಾವಮೈದುನನದು, ಭುಜದಲ್ಲಿ ಸ್ವಲ್ಪ ಜಾಸ್ತಿ.

ಅವನಿಗೆ ಯಾರೂ ಹೇಳಿರಲಿಲ್ಲ ಅನ್ನುವ ಹಾಗೂ ಇಲ್ಲ. ಈ ಸಭೆ ಕರೆದದ್ದು ಸಂಸತ್ತುಗಳ ಒಕ್ಕೂಟ. ಅದರ ಕಾರ್ಯದರ್ಶಿ, ಎರಡು ಕೈಯಲ್ಲಿ ಎರಡು ಫೋನು ಹಿಡಿದ ಸಣಕಲು ಹೆಂಗಸು, ನಿನ್ನೆ ಇದೇ ಸಾಲಿನ ಹತ್ತಿರ ನಿಂತು ಅವನಿಗೆ ಸ್ಪಷ್ಟವಾಗಿ ಹೇಳಿದ್ದಳು: "ಮೂರನೇ ಸಾಲಲ್ಲಿ ಈ ಸೀಟು ಖಾಲಿ ಇರುತ್ತೆ, ಗೊತ್ತಲ್ಲ?" ಅವನು, "ಗೊತ್ತು ಮೇಡಂ. ನೀವು ತಲೆ ಕೆಡಿಸ್ಕೋಬೇಡಿ, ನಾನು ನೋಡ್ಕೋತೀನಿ," ಅಂದಿದ್ದ. ಇಬ್ಬರಿಗೂ ಸಮಾಧಾನವಾಗಿತ್ತು. ಇಂಥ ಮಾತನ್ನು ಅವನು ದಿನಾ ಕೇಳುವವನು. ಯಾರೋ ಒಬ್ಬ ಸದಸ್ಯ ವಿಮಾನ ತಪ್ಪಿಸಿಕೊಂಡಿರುತ್ತಾನೆ, ಇನ್ನೊಬ್ಬನಿಗೆ ಬೆನ್ನು ಹಿಡಿದಿರುತ್ತದೆ, ಕುರ್ಚಿ ಖಾಲಿ ಇರುತ್ತದೆ, ಅವನು ನೋಡಿಕೊಳ್ಳುತ್ತಾನೆ. ಖಾಲಿ ಇರಲಿ ಅಂತಲೇ ಒಂದು ಕುರ್ಚಿ ಇಡುತ್ತಾರೆ ಅಂತ ಯಾರಿಗಾದರೂ ಹೊಳೆಯುತ್ತದೆಯೇ? ಕಾರ್ಯಕ್ರಮದ ಪುಸ್ತಕದಲ್ಲಿ ಅದು ಇತ್ತಂತೆ. ಒಕ್ಕೂಟಕ್ಕೆ ಸೇರಿದ ಯಾವುದೇ ಸಂಸತ್ತಿನ ಸದಸ್ಯನನ್ನು ಅವನ ಸರಕಾರ ಜೈಲಿಗೆ ಹಾಕಿದ್ದರೆ ಅವನ ಕುರ್ಚಿಯನ್ನು ಹಾಗೇ ಬಿಡುವುದು, ಸಭೆ ಶುರುವಾಗುವಾಗ ಅವನ ಹೆಸರು ಕರೆಯುವುದು, ಉತ್ತರ ಬಾರದಿರುವುದನ್ನು ಎಲ್ಲರೂ ಕೂತು ಕೇಳುವುದು ಅವರ ಪದ್ಧತಿ. ಪುಸ್ತಕ ಅವನ ಮೇಜಿನ ಮೇಲೇ ಇತ್ತು. ಅವನು ಅದರಲ್ಲಿ ನೋಡಿದ್ದು ಆಸನಗಳ ನಕ್ಷೆ ಮಾತ್ರ. ಹೆಸರಿನ ಫಲಕವನ್ನು ಬೆಳಿಗ್ಗೆ ತಾನೇ ಬಟ್ಟೆಯಿಂದ ಒರೆಸಿ ಇಟ್ಟಿದ್ದ. ಉಸಿರೂದಿ ಒರೆಸಿದ್ದ. ಆ ಕುರ್ಚಿಗೆ ಗೊತ್ತು ಮಾಡಿದ್ದ ಗ್ರಂಥಾಲಯದವನು ಹಲ್ಲುನೋವು ಅಂತ ಕೈಕೊಟ್ಟ. ಅಷ್ಟರಲ್ಲಿ ಕಿವಿಯಲ್ಲಿ ಭಾವಮೈದುನ, "ಭಾವ, ಮೂರನೇ ಸಾಲು ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ, ಏನಾದ್ರೂ ಮಾಡಿ," ಅಂದ. ಏನು ಮಾಡುವುದು? ಅವನೇ ಹೋಗಿ ಕೂತ. ಕೂತಾಗ, ಈಗ ನೆನೆಸಿಕೊಂಡರೆ ಮೈ ಬೆವರುತ್ತದೆ, ಕುರ್ಚಿ ಮೆತ್ತಗಿದೆ ಅಂತ ಸುಖ ಕೂಡ ಆಗಿತ್ತು.

ಮೌನವನ್ನು ಮುರಿದವನು ಜೈಲಿನಲ್ಲಿದ್ದ ಸದಸ್ಯನ ದೇಶದ ನಿಯೋಗದ ನಾಯಕ. ಅವನ ಸರಕಾರವೇ ಜೈಲಿಗೆ ಹಾಕಿದ್ದು. ದುಂಡು ಮುಖ, ಒಳ್ಳೆ ಮದುವೆಮನೆಯ ಯಜಮಾನನ ಹಾಗೆ ಸದಾ ನಗು. ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿರಾಯನ ಕೈ ಕುಲುಕಿ ಹೆಂಡತಿ ಮಕ್ಕಳು ಸೌಖ್ಯವೇ ಅಂತ ಕೇಳಿದ ಒಬ್ಬನೇ ಒಬ್ಬ ಸಂಸದ. ಅವನು ಮೈಕಿನ ಗುಂಡಿ ಒತ್ತಿ, ಕೂತಲ್ಲಿಂದಲೇ, ಬಹಳ ವಿನಯದಿಂದ ಹೇಳಿದ: "ಅಧ್ಯಕ್ಷರೇ, ತಾವು ಹೆಸರು ಕರೆದಿರಿ. ಸದಸ್ಯರು ಎದ್ದರು, ನಮಸ್ಕಾರ ಮಾಡಿದರು. ಆರೋಗ್ಯವಾಗೇ ಕಾಣ್ತಾರೆ. ಸ್ವಲ್ಪ ಮೈ ಬಂದಿದೆ. ನಮ್ಮ ಜೈಲಿನ ಊಟ ಅಷ್ಟು ಕೆಟ್ಟದ್ದಲ್ಲ ಅನ್ನಿಸುತ್ತೆ. ಮುಂದಿನ ವಿಷಯಕ್ಕೆ ಹೋಗೋಣವೇ?" ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಆಮೇಲೆ ನಗು ಸಾಲಿಂದ ಸಾಲಿಗೆ ಹತ್ತಿಕೊಂಡು ಇಡೀ ಸಭಾಂಗಣ ನಕ್ಕಿತು. ನಕ್ಕವರೆಲ್ಲ ಕೆಟ್ಟವರಾಗಿರಲಿಲ್ಲ, ಅದು ಅವನಿಗೆ ಹತ್ತಿರದಿಂದ ಕಂಡಿತು. ಪಕ್ಕದ ಕುರ್ಚಿಯ ನೀಲಿ ಶಾಲಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು, ಮಧ್ಯೆ ಮಧ್ಯೆ "ಛೆ, ಛೆ" ಅನ್ನುತ್ತಿದ್ದಳು. ಉಸಿರು ಕಟ್ಟಿಕೊಂಡವರಿಗೆ ಬಿಡಲು ಒಂದು ದಾರಿ ಬೇಕಿತ್ತು, ಸಿಕ್ಕಿತು, ಬಿಟ್ಟರು. ಮೇಲೆ ಗ್ಯಾಲರಿಯ ಹೆಂಗಸು ಕಂಬಿ ಬಿಟ್ಟು ಮೆಲ್ಲಗೆ ಕೂತಳು. ಕೂತದ್ದೋ ಕುಸಿದದ್ದೋ. ಅವನು ಆಗ ಸಾಲಿನಿಂದ ಹೊರಬಿದ್ದ. ಎಷ್ಟೋ ಮೊಣಕಾಲುಗಳನ್ನು ದಾಟಿ, ಎಲ್ಲರಿಗೂ ಕ್ಷಮಿಸಿ, ಕ್ಷಮಿಸಿ ಅನ್ನುತ್ತಾ, ಸಿನಿಮಾದ ಮಧ್ಯೆ ಬಚ್ಚಲಿಗೆ ಹೊರಟವನ ಹಾಗೆ.

ಹೊರಗೆ ಪಡಸಾಲೆಯಲ್ಲಿ ಭಾವಮೈದುನ ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. "ಭಾವ, ಆ ಹೆಂಗಸು ಯಾರು ಗೊತ್ತಾ? ಮೇಲೆ ನಿಂತಿದ್ರಲ್ಲ. ಜೈಲಲ್ಲಿರೋರ ಹೆಂಡತಿಯಂತೆ. ನಾಲ್ಕು ವರ್ಷ ಆಯ್ತಂತೆ ಅವರ ಮುಖ ನೋಡಿ. ಬದುಕಿದಾರೋ ಇಲ್ವೋ ಅಂತಲೂ ಯಾರಿಗೂ ಗೊತ್ತಿಲ್ವಂತೆ. ಈವತ್ತು ಮತ ಇತ್ತಂತೆ ಭಾವ. ಒಕ್ಕೂಟದಿಂದ ಮೂರು ಜನ ಹೋಗಿ ಕಣ್ಣಾರೆ ನೋಡಿ ಬರೋದಕ್ಕೆ. ಒಕ್ಕೂಟ ಒಪ್ಪಿದ್ರೆ ಜೈಲಿನ ಬಾಗಿಲು ತೆಗೀಲೇಬೇಕು, ಹಾಗೆ ಒಪ್ಪಂದ ಇದೆಯಂತೆ." ಅಂತೆ, ಅಂತೆ, ಅಂತೆ. ಬೆಳಿಗ್ಗೆ ಯಾರಿಗೂ ಗೊತ್ತಿಲ್ಲದ್ದು ಈಗ ಭವನದಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಗೊತ್ತುಮಾಡಿದವನು ತಾನೇ. "ಮತ ಏನಾಯ್ತೋ?" ಅಂದ. "ಎಲ್ಲಿ ಮತ? ಸಭೇನೇ ನಿಲ್ಲಿಸಿದ್ರು. ಊಟ ಆದ್ಮೇಲೆ ಅಂತೆ." ಅಳುಕುತ್ತಲೇ ತನ್ನ ಫೋನು ತೋರಿಸಿದ. ಫೋನಿನಲ್ಲಿ ಕುರ್ಚಿರಾಯ ಏಳುತ್ತಿದ್ದ, ಬಾಗುತ್ತಿದ್ದ, ಮತ್ತೆ ಏಳುತ್ತಿದ್ದ, ಬಾಗುತ್ತಿದ್ದ. ಕೆಳಗೆ ಆ ದೇಶದ ಟೀವಿಯವರು ಬರೆದಿದ್ದರು: ಸದಸ್ಯರು ಸಭೆಯಲ್ಲಿ ಹಾಜರು. ತನ್ನ ಬೋಳು ನೆತ್ತಿ ಹಿಂದಿನಿಂದ ಹಾಗೆ ಕಾಣುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅದು ಮೊದಲು ಮನಸ್ಸಿಗೆ ಬಂತು, ನೆತ್ತಿ. ಅದಕ್ಕೂ ಆಮೇಲೆ ನಾಚಿಕೆಯಾಯಿತು.

ಅವನ ಮೇಲಧಿಕಾರಿ, ಭವನದ ಜಂಟಿ ಕಾರ್ಯದರ್ಶಿಗಳು, ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಬೈದರು. ಹತ್ತು ಜನರ ಎದುರಿಗೆ. "ಏನ್ರೀ ಕುರ್ಚಿರಾಯರೇ, ಒಂದು ಕುರ್ಚಿ ಖಾಲಿ ಬಿಡೋಕೆ ನಿಮ್ಮ ಕೈಲಾಗಲಿಲ್ವಾ? ಏನೂ ಮಾಡದೇ ಇರೋ ಕೆಲಸ ಕಣ್ರೀ ಅದು! ಈ ಕಟ್ಟಡದಲ್ಲಿ ಎಲ್ಲರೂ ಮಾಡೋ ಕೆಲಸ!" ಆ ಮಾತಿಗೆ ಅವರಿಗೇ ನಗು ಬಂದು ತಡೆದುಕೊಂಡದ್ದು, ತುಟಿಯ ಮೂಲೆ ಅದುರಿದ್ದು ಅವನಿಗೆ ಕಾಣಿಸಿತು, ತಾನೂ ನಗಬೇಕೋ ಬೇಡವೋ ಗೊತ್ತಾಗದೆ ಮುಖವನ್ನು ಒಂದು ಥರ ಮಾಡಿಕೊಂಡು ನಿಂತ. ಅವರ ಹಿಂದೆ ಇಬ್ಬರು ಸಂಸದರು ಬಿಸ್ಕತ್ತು ಅದ್ದಿಕೊಳ್ಳುತ್ತಾ ಮಾತಾಡುತ್ತಿದ್ದರು. "ಮತ ಹಾಕ್ಬೇಕು ಅಂತಲೇ ಬಂದಿದ್ದೆ ಸ್ವಾಮಿ. ಈಗ ನೋಡಿ, ಇಡೀ ವಿಷಯಾನೇ ನಗೆಪಾಟಲಾಯ್ತು. ನಮ್ಮೂರಿನ ಪೇಪರಲ್ಲಿ ಏನಂತ ಬರೀತಾರೆ?" "ಮುಂದಿನ ವರ್ಷ ನೋಡ್ಕೊಂಡ್ರಾಯ್ತು ಬಿಡಿ." ಮುಂದಿನ ವರ್ಷ ಅನ್ನುವುದು ಎಷ್ಟು ಹಗುರಾಗಿ ಬಂತು ಆ ಬಾಯಿಂದ, ಬಿಸ್ಕತ್ತಿನ ಪುಡಿಯ ಜೊತೆ. ದುಂಡು ಮುಖದ ನಾಯಕ ಹಾದುಹೋಗುವಾಗ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಬನ್ನಿ ಬನ್ನಿ, ನಮ್ಮ ಸದಸ್ಯರೇ!" ಅಂತ ಕುರ್ಚಿರಾಯನ ಹೆಗಲು ತಟ್ಟಿದ. ಜಾಸ್ತಿಯಿದ್ದ ಕೋಟಿನ ಭುಜ ಅವನ ಕೈಯ ಕೆಳಗೆ ಪೊಳ್ಳಾಗಿ ಕುಗ್ಗಿತು. ಕೆಟ್ಟದ್ದೇನೆಂದರೆ, ತಟ್ಟಿಸಿಕೊಂಡವನು ನಕ್ಕ. ಯಾರಾದರೂ ದೊಡ್ಡವರು ಹೆಗಲು ತಟ್ಟಿದರೆ ನಗುವ ಅಭ್ಯಾಸ. ನಕ್ಕಾದ ಮೇಲೆ ತಿಳಿಯಿತು ನಕ್ಕೆ ಅಂತ.

ಅವನು ಉಗ್ರಾಣಕ್ಕೆ ಹೋದ. ನೆಲಮಾಳಿಗೆಯಲ್ಲಿ ಹೆಚ್ಚುವರಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಕೋಣೆ. ಮೇಲಿನ ಕುರ್ಚಿಗಳ ಕಾಲುಗಳು ಸೂರು ಮುಟ್ಟುತ್ತಿದ್ದವು. ಕೂರಲು ಇಷ್ಟೊಂದಿದ್ದರೂ ಅವನು ನಿಂತೇ ಇದ್ದ. ಕೂರುವುದಕ್ಕೆ ಭಯವಾಗುತ್ತಿತ್ತು, ಯಾರದು ಯಾವುದೋ. ಆ ಹೆಂಗಸಿನ ಮುಖ. ಅದನ್ನು ಎಲ್ಲೋ ಕಂಡಿದ್ದೇನೆ ಅಂತ ಅನ್ನಿಸುತ್ತಲೇ ಇತ್ತು, ಅವಳ ಮುಖವನ್ನಲ್ಲ, ಆ ಮುಖದ ಮೇಲೆ ಬಂದುಹೋದದ್ದನ್ನು. ಅಮ್ಮ ತೀರಿಕೊಂಡ ಮೇಲೆ ಅಡುಗೆಮನೆಯ ಮೇಜಿನ ಹತ್ತಿರ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅಕ್ಕ ಆ ಕಡೆ ನೋಡದೇ ಬಡಿಸುತ್ತಿದ್ದಳು, ಅಪ್ಪ ಆ ಕಡೆ ನೋಡದೇ ಉಣ್ಣುತ್ತಿದ್ದರು, ಮೂರು ಜನ ಸೇರಿ ನೋಡದೇ ನೋಡದೇ ಆ ಕುರ್ಚಿಯನ್ನು ಮನೆಯಷ್ಟು ದೊಡ್ಡದು ಮಾಡಿಬಿಟ್ಟಿದ್ದರು. ಒಂದು ಸಂಜೆ ಅವನಿಗೆ ತಡೆಯಲಾಗಲಿಲ್ಲ. ಅಮ್ಮನ ಕಂದು ಸ್ವೆಟರು ಹೊದ್ದು ಹೋಗಿ ಕೂತುಬಿಟ್ಟ. ದೀಪ ಹಚ್ಚಿರಲಿಲ್ಲ. ಅಪ್ಪ ಹೊರಗಿಂದ ಬಂದರು, ಬಾಗಿಲಲ್ಲೇ ನಿಂತರು, ಅವರ ಮುಖ— ಆಮೇಲೆ ದೀಪ ಹಾಕಿದರು. ಬೈಯಲಿಲ್ಲ. "ಎದ್ದೇಳು, ಓದ್ಕೋ ಹೋಗು," ಅಂದರು. ಅವತ್ತು ಅವರು ಊಟಕ್ಕೆ ಬರಲಿಲ್ಲ. ಆದರೆ ದೀಪ ಹಾಕುವ ಮುಂಚೆ ಅವರ ಮುಖ ಬೆಳಗಿತ್ತೇ? ಕತ್ತಲಲ್ಲಿ ಕಂಡದ್ದು ಹೇಗೆ? ಇಲ್ಲ, ಈಗ, ಇಲ್ಲಿ, ಈ ಹೆಂಗಸಿನ ಮುಖ ನೋಡಿದ ಮೇಲೆ, ಅದನ್ನೇ ಕಿತ್ತು ಅಪ್ಪನಿಗೆ ಅಂಟಿಸುತ್ತಿದ್ದೇನೆಯೇ? ಇಷ್ಟು ವರ್ಷ ಅವನು ನಂಬಿಕೊಂಡು ಬಂದದ್ದು, ಅಪ್ಪ ಅವತ್ತು ಸಿಟ್ಟಾಗಿದ್ದರು ಅಂತ. ಸಿಟ್ಟು ಆಗಿದ್ದರೆ ಚೆನ್ನಾಗಿತ್ತು.

"ಇಲ್ಲಿದೀರಾ?"

ಬಾಗಿಲಲ್ಲಿ ಅವಳೇ ನಿಂತಿದ್ದಳು. ಗ್ಯಾಲರಿಯಲ್ಲಿ ಎತ್ತರ ಕಂಡವಳು ಇಲ್ಲಿ ಗಿಡ್ಡ. ಹೆಗಲಿಗೊಂದು ಬಟ್ಟೆಯ ಚೀಲ, ಕೊರಳಿಗೆ ಪ್ರೇಕ್ಷಕರ ಚೀಟಿ. ಒಕ್ಕೂಟದ ಕಾರ್ಯದರ್ಶಿ ಮೆಟ್ಟಿಲ ತನಕ ಬಂದು, ಫೋನಿಗೆ ಏನೋ ಹೇಳುತ್ತಾ ಅಲ್ಲೇ ನಿಂತಳು. ಬೆಳಿಗ್ಗೆಯಿಂದ ಎಷ್ಟು ಜನರಿಗೆ ಕ್ಷಮಿಸಿ ಅಂದಿದ್ದ, ಮೊಣಕಾಲು ತಾಕಿದ್ದಕ್ಕೆ. ಆ ಪದ ಸವೆದುಹೋಗಿತ್ತು. "ಅಮ್ಮಾ, ನನಗೆ ಗೊತ್ತಿರಲಿಲ್ಲ," ಅಂದ ಕೊನೆಗೆ. "ನಮ್ಮಲ್ಲಿ ಖಾಲಿ ಇದ್ರೆ ಕೂತ್ಕೊಳ್ಳೋದು ಅಭ್ಯಾಸ. ದಿನಾ ಮಾಡೋದು ಅದೇ. ಬೈದುಬಿಡಿ ನೀವು."

"ಬೈಬೇಕು ಅಂತಲೇ ಹುಡುಕ್ಕೊಂಡು ಬಂದೆ," ಅಂದಳು. "ಮೆಟ್ಟಿಲು ಇಳೀತಾ ಇಳೀತಾ ಏನೇನೋ ಜೋಡಿಸ್ಕೊಂಡಿದ್ದೆ." ಕುರ್ಚಿಗಳ ರಾಶಿಯನ್ನು ಒಮ್ಮೆ ನೋಡಿದಳು. "ಎಷ್ಟೊಂದು ಕುರ್ಚಿ ಇಟ್ಟಿದೀರಿ ಸ್ವಾಮಿ. ಅದೊಂದೇ ಬೇಕಾಗಿತ್ತಾ?"

ಅವನು ಜಾರಿದ ಕೋಟಿನ ಭುಜ ಸರಿಮಾಡಿಕೊಂಡ. ಆಮೇಲೆ ಬೇರೆಯದೇ ದನಿಯಲ್ಲಿ, ಅಂಗಡಿಯಲ್ಲಿ ಏನೋ ವಿಚಾರಿಸುವವಳ ಹಾಗೆ, "ಸ್ವಲ್ಪ ಬೆಳಕಿಗೆ ಬರ್ತೀರಾ?" ಅಂದಳು. ಅವನು ಬಂದ. ಅವಳು ಅವನ ಮುಖವನ್ನು ನೋಡಿದಳು. ಹಣೆಯಿಂದ ಶುರುಮಾಡಿ, ಹುಬ್ಬು, ಮೂಗು, ಗಲ್ಲ, ಒಂದೊಂದನ್ನೂ. ಅವನು ಎಲ್ಲಿ ನೋಡಬೇಕೋ ತಿಳಿಯದೆ ಅವಳ ಕೊರಳಿನ ಚೀಟಿಯನ್ನು ನೋಡುತ್ತಾ ನಿಂತ. "ಒಂಚೂರೂ ಹೋಲಿಕೆ ಇಲ್ಲ," ಅಂದಳು ಅವಳು. "ಒಂದೇ ಒಂದು ಚೂರೂ ಇಲ್ಲ. ಅವರು ಉದ್ದ. ಕಪ್ಪು. ತಲೆ ತುಂಬ ಕೂದಲು. ಮತ್ತೆ ಯಾಕೆ?"

"ದೂರದಿಂದ ನೋಡಿದ್ರಿ—"

"ದೂರದಿಂದ ಅಲ್ಲ. ನಿಮಗೆ ಸಮಾಧಾನ ಹೇಳೋಕೆ ಬರಲ್ಲ, ಬಿಡಿ." ಅವಳು ಗೋಡೆಗೆ ಒರಗಿದಳು. "ಹೆಸರು ಕರೆದ್ರು. ಯಾರೂ ಏಳಲ್ಲ ಅಂತ ಗೊತ್ತಿತ್ತು, ಅದನ್ನ ಕೇಳಿಸ್ಕೊಳ್ಳೋಕೇ ಇಷ್ಟು ದೂರ ಬಂದಿದ್ದೆ. ನೀವು ಎದ್ರಿ. ನಾನೂ ಎದ್ದೆ. ಬಂದುಬಿಟ್ರು ಅಂದ್ಕೊಂಡೆ. ನಿಮ್ಮ ಮುಖ ನನಗೆ ಚೆನ್ನಾಗಿ ಕಾಣಿಸ್ತು. ಕಂಡ್ಮೇಲೂ, ಹೌದು ಇವರೇ ಅಂದ್ಕೊಂಡೆ. ಇದೇ ಮುಖ, ನಾನೇ ಮರೆತಿದ್ದೆ ಅಂತ." ನಿಲ್ಲಿಸಿದಳು. "ಒಪ್ಪಿಬಿಟ್ಟೆ ಕಣ್ರೀ. ಯಾರೋ ಒಬ್ಬ ಎದ್ದು ನಿಂತ, ನಾನು ಒಪ್ಪಿಬಿಟ್ಟೆ. ಎಂಥ ಹೆಂಗಸು ನಾನು?"

ಬೈಗುಳಕ್ಕೆ ಸಿದ್ಧನಾಗಿ ಬಿಗಿಹಿಡಿದಿದ್ದ ಬೆನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತಿತು. ಫೋಟೋ ಇರುತ್ತದಲ್ಲ ಅಂತ ಏನೋ ಗೊಣಗಿದ. "ಮನೇಲಿದ್ದ ಫೋಟೋನೆಲ್ಲ ಅವತ್ತೇ ಎತ್ಕೊಂಡು ಹೋದ್ರು, ಅವರ ಜೊತೆಗೇ. ಉಳಿದಿರೋದು ಪೋಸ್ಟರು. ಬಿಡುಗಡೆ ಮಾಡಿ ಅಂತ ನಾವೇ ಊರೆಲ್ಲಾ ಅಂಟಿಸಿದ್ದು. ಅವರ ಗಲ್ಲದ ಮೇಲೊಂದು ಗಾಯದ ಗುರುತು ಇತ್ತು, ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದದ್ದು. ಪೋಸ್ಟರ್ ಮಾಡಿದೋರು ಅಳಿಸಿಬಿಟ್ರು, ಚೆಂದ ಕಾಣ್ಲಿ ಅಂತ. ಆ ಪೋಸ್ಟರ್ ನೋಡಿ ನೋಡಿ..." ಅವಳ ಕೈ ತನ್ನ ಬಲಗಲ್ಲಕ್ಕೆ ಹೋಯಿತು, ಅಲ್ಲಿಂದ ಎಡಗಲ್ಲಕ್ಕೆ, ಮತ್ತೆ ಬಲಕ್ಕೆ. "ಯಾವ ಕಡೆ ಅಂತ ನೆನಪಾಗ್ತಿಲ್ಲ. ಬೆಳಿಗ್ಗೆ ತನಕ ಗೊತ್ತಿತ್ತು. ನಿಮ್ಮನ್ನ ನೋಡಿದ್ಮೇಲೆ ಹೋಗಿಬಿಡ್ತು." ಅದನ್ನು ದೂರಿನ ಹಾಗೆ ಹೇಳಲಿಲ್ಲ. ಬಸ್ಸಿನಲ್ಲಿ ಕೊಡೆ ಮರೆತು ಬಂದವಳ ಹಾಗೆ, ದಿಗಿಲಿನಿಂದ, ಸುತ್ತಮುತ್ತ ನೋಡುತ್ತಾ ಹೇಳಿದಳು. ಅವನು ಯಾರದೋ ಜಾಗದಲ್ಲಿ ಕೂತಿದ್ದ, ಅಷ್ಟೇ ಅಂದುಕೊಂಡಿದ್ದ. ಎಲ್ಲಿಯವರೆಗೆ ಹೋಗಿ ಕೂತಿದ್ದೇನೆ ಅನ್ನುವುದು ಈಗ ತಿಳಿಯಿತು.

ಮೆಟ್ಟಿಲಿನಿಂದ ಕಾರ್ಯದರ್ಶಿ ಕೂಗಿದಳು, ಗಂಟೆ ಹೊಡೆಯುತ್ತಾರೆ ಅಂತ. ಹೊರಟ ಹೆಂಗಸು ಬಾಗಿಲಲ್ಲಿ ತಿರುಗಿ, "ಮತ್ತೆ ಕರೀತಾರಂತೆ ಹೆಸರು. ಆಗ ನೀವು ಅಲ್ಲೇ ಇರಿ," ಅಂದಳು. "ಅಲ್ಲಿ ಅಂದ್ರೆ?" "ಕುರ್ಚಿ ಹಿಂದೆ. ನಿಂತ್ಕೊಂಡು. ಯಾರನ್ನೂ ಕೂರೋಕೆ ಬಿಡ್ಬೇಡಿ. ನಿಮ್ಮನ್ನೂ." ಕಾರ್ಯದರ್ಶಿ ಏನೋ ಅನ್ನಲು ಬಾಯಿ ತೆರೆದಳು. ಇವರನ್ನು ಮತ್ತೆ ಕ್ಯಾಮೆರಾದ ಮುಂದೆ ತರುವುದೇ, ಜನ ಮತ್ತೆ ನಕ್ಕರೆ, ಅಂತ ಇರಬೇಕು. ಹೆಂಗಸು ಆ ಕಡೆ ನೋಡಲೂ ಇಲ್ಲ.

ಊಟ ಮುಗಿಸಿ ಬಂದ ಸಭೆ ಬೇರೆ ಥರ ಇರುತ್ತದೆ, ಬೆಲ್ಟು ಸಡಿಲಿಸಿಕೊಂಡು, ಕಣ್ಣು ಸಣ್ಣ ಮಾಡಿಕೊಂಡು. ಮೂರನೇ ಸಾಲಿನಲ್ಲಿ ಆ ಕುರ್ಚಿಯ ಬೆನ್ನು ಹಿಡಿದು ನಿಂತವನನ್ನು ಕಂಡು ಒಬ್ಬೊಬ್ಬರೇ ಮೊಣಕೈಯಿಂದ ತಿವಿದುಕೊಂಡರು. ನೀಲಿ ಶಾಲಿನ ಹೆಂಗಸು ಅವನ ಕಡೆ ನೋಡಲಿಲ್ಲ, ಬೆಳಗಿನ ನಗು ಅವಳ ಕುತ್ತಿಗೆಯನ್ನು ಬಿಗಿಮಾಡಿತ್ತು. ಕೈ ಬೆವರಿ ಕುರ್ಚಿಯ ಚರ್ಮಕ್ಕೆ ಅಂಟುತ್ತಿತ್ತು. ಕಿವಿಯಲ್ಲಿ ಭಾವಮೈದುನ, "ಭಾವ, ಮೂರನೇ ಸಾಲು—" ಅಂದವನು ಅಲ್ಲೇ ನುಂಗಿಕೊಂಡ. "ಅಭ್ಯಾಸ ಭಾವ. ಬಾಯಿಗೆ ಬಂದುಬಿಡ್ತು." "ಕ್ಯಾಮೆರಾ ಇಲ್ಲೇ ಇಡೋ," ಅಂದ ಅವನು, ತುಟಿ ಅಲುಗಿಸದೆ. "ಹತ್ತಿರಕ್ಕೆ ತಗೋ. ನಾನು ಬೇಡ. ಕುರ್ಚಿ ಮಾತ್ರ." "ಮೇಲಿನೋರು ಕೇಳಿದ್ರೆ?" "ಭಾವ ಹೇಳಿದ್ರು ಅನ್ನು." ಗೋಡೆಯ ದೊಡ್ಡ ಪರದೆಯ ಮೇಲೆ ಕುರ್ಚಿ ಮೂಡಿತು. ಬೆಳಿಗ್ಗೆ ಅವನೇ ಕೂತ ಗುರುತು ಮೆತ್ತೆಯಲ್ಲಿ ಇನ್ನೂ ಒಂದಿಷ್ಟು ತಗ್ಗಾಗಿ ಉಳಿದಿತ್ತು.

ಸಭಾಧ್ಯಕ್ಷೆ ಈ ಸಲ ಕಾಗದ ನೋಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎದುರಿಗೆ ನೋಡುತ್ತಾ, ಹೆಸರು ಕರೆದಳು. ನಿಂತವನಿಗೆ ಏಳುವುದಕ್ಕೆ ಬರುವುದಿಲ್ಲ, ಆದರೂ ಮೈಯೊಳಗೆ ಏನೋ ಎದ್ದಿತು, ಕತ್ತು ತಾನಾಗಿ ಬಾಗಲು ಹೊರಟಿತು. ಅವನು ಹಲ್ಲು ಕಚ್ಚಿ ಅದನ್ನು ನೆಟ್ಟಗೆ ಹಿಡಿದ. ದುಂಡು ಮುಖದ ನಾಯಕ ಮುಂದಿನ ಸಾಲಿನಿಂದ ಹೊರಳಿ ನೋಡಿ, ಹುಬ್ಬು ಮೇಲೆತ್ತಿ, ಅಂಗೈಯಿಂದ ಕೂತ್ಕೊಳ್ಳಿ, ಕೂತ್ಕೊಳ್ಳಿ ಅನ್ನುವಂತೆ ಸನ್ನೆ ಮಾಡಿದ. ಎಷ್ಟು ಸ್ನೇಹದ ಸನ್ನೆ ಅದು! ಯಾರೋ ಕಿಸಕ್ಕೆಂದರು. ಎರಡನೆಯವರು ಜೊತೆಗೂಡಲಿಲ್ಲ. ನಗು ಒಂಟಿಯಾಗಿ ಅಲ್ಲೇ ಸತ್ತಿತು. ಮೌನ ಬಂತು. ಬೆಳಗಿನ ಮೌನದ ಹಾಗಲ್ಲ, ಇದರಲ್ಲಿ ಕೆಮ್ಮು ಇತ್ತು, ಗಾಳಿಯಂತ್ರದ ಸದ್ದು ಇತ್ತು, ಒಬ್ಬರ ಕೈಗಡಿಯಾರದ ಟಿಕ್ ಟಿಕ್ ಕೂಡ; ಎಲ್ಲ ಇದ್ದೂ ಒಂದು ಉತ್ತರ ಮಾತ್ರ ಇರಲಿಲ್ಲ. ಅದನ್ನು ಅವನು ಕುರ್ಚಿಯ ಬೆನ್ನಿನ ಮೂಲಕ ಕೈಯಲ್ಲಿ ಹಿಡಿದಿದ್ದ. ಭಾರವಾಗಿತ್ತು. ಜೀವಮಾನದಲ್ಲಿ ಎಷ್ಟು ಕುರ್ಚಿ ಹೊತ್ತಿದ್ದಾನೆ, ಇಷ್ಟು ಭಾರದ್ದು ಸಿಕ್ಕಿರಲಿಲ್ಲ.

ಆಮೇಲೆ ಮತ. ಗುಂಡಿಗಳು ಒತ್ತಿಸಿಕೊಂಡವು, ಪರದೆಯ ಮೇಲೆ ಕುರ್ಚಿ ಅಳಿಸಿ ಹಸಿರು ಕೆಂಪು ಚುಕ್ಕೆಗಳು ಹತ್ತಿಕೊಂಡವು. ಬಿಸ್ಕತ್ತಿನ ಸಂಸದ ಬೆರಳನ್ನು ಗುಂಡಿಯ ಮೇಲೆ ಹಿಡಿದು, ಪಕ್ಕದವನದನ್ನು ನೋಡಿ, ಆಮೇಲೆ ಒತ್ತಿದ. ಹಸಿರು ಹೆಚ್ಚಿತ್ತು. ಬಹಳವೇನಲ್ಲ. ಮೂರು ಜನ ಹೋಗಿ ನೋಡಿ ಬರುತ್ತಾರೆ ಅಂತ ಸಭಾಧ್ಯಕ್ಷೆ ಓದಿ ಹೇಳಿದಳು. ಚಪ್ಪಾಳೆ ಬಿತ್ತು, ದುಂಡು ಮುಖದವನೂ ತಟ್ಟಿದ, ಮದುವೆಮನೆಯವನ ಹಾಗೇ. ತಟ್ಟುತ್ತಾ ತಟ್ಟುತ್ತಾ ಪಕ್ಕದ ತನ್ನವನ ಕಿವಿಯಲ್ಲಿ ಒಂದು ಮಾತು ಹೇಳಿದ. ಆ ಕಿವಿಯವನು ಕೂಡಲೇ ಎದ್ದು, ಫೋನು ತೆಗೆಯುತ್ತಾ ಹೊರಗೆ ಹೋದ. ಕುರ್ಚಿರಾಯ ಅವನು ದಾಟಿದ ಬಾಗಿಲನ್ನೇ ನೋಡಿದ. ಜೈಲಿಗೆ ನೋಡಲು ಹೋದವರ ಎದುರಿಗೆ ಯಾರೋ ಒಬ್ಬನನ್ನು ತಂದು ನಿಲ್ಲಿಸಬಹುದು. ಹೆಸರು ಕರೆದರೆ ಅವನು ತಲೆ ಬಾಗಿಸಬಹುದು. ಅದೇನು ಕಷ್ಟದ ವಿದ್ಯೆಯೇ? ಎಲ್ಲರೂ ಅವನದೇ ಪಾಠ ನೋಡಿಯಾಗಿತ್ತು, ಇಡೀ ಪ್ರಪಂಚ, ಫೋನಿನಲ್ಲಿ, ಮತ್ತೆ ಮತ್ತೆ. ಹೋಗುವ ಮೂವರಿಗೆ ನಿಜವಾದ ಸದಸ್ಯರನ್ನು ಗುರುತು ಹಿಡಿಯಲು ಏನಿದೆ? ಒಂದು ಪೋಸ್ಟರು.

ಅವನು ಗ್ಯಾಲರಿಯತ್ತ ತಲೆಯೆತ್ತಿದ. ಸುತ್ತಲಿನವರು ಅವಳ ಕೈ ಕುಲುಕುತ್ತಿದ್ದರು, ಬೆನ್ನು ಸವರುತ್ತಿದ್ದರು. ಅವಳು ಕೈಯನ್ನು ಕೊಡುತ್ತಿದ್ದಳು, ಅಷ್ಟೇ. ಕಣ್ಣು ಮುಚ್ಚಿದ್ದಳು. ಮುಖವನ್ನು ಗಟ್ಟಿಯಾಗಿ ಕಿವುಚಿಕೊಂಡು, ಇಕ್ಕಟ್ಟಿನ ಚೀಲದ ತಳಕ್ಕೆ ಕೈ ಹಾಕಿ ತಡಕಾಡುವವಳ ಹಾಗೆ. ಸಭಾಧ್ಯಕ್ಷೆ ಮುಂದಿನ ವಿಷಯ ಓದಲು ಶುರುಮಾಡಿದಳು, ನದಿ ನೀರಿನದು. ಜನ ಕಾಗದ ತಿರುವಿದರು, ಯಾರೋ ಆಕಳಿಸಿದರು. ಅವನನ್ನು ಹೋಗು ಅಂತ ಯಾರೂ ಹೇಳಲಿಲ್ಲ, ಅವನು ನಿಂತೇ ಇದ್ದ. ಆಗ ಅವಳು ಥಟ್ಟನೆ ಕಣ್ಣು ಬಿಟ್ಟಳು. ನೇರ ಅವನನ್ನೇ ನೋಡಿದಳು. ಕುಲುಕುತ್ತಿದ್ದವರ ಕೈ ಬಿಡಿಸಿಕೊಂಡು, ಒಂದು ಬೆರಳನ್ನು ತನ್ನ ಎಡಗಲ್ಲದ ಮೇಲೆ, ಕಿವಿಗೂ ಬಾಯಿಗೂ ನಡುವೆ, ಒತ್ತಿ ಇಟ್ಟು, ತಲೆಯಾಡಿಸಿದಳು. ಇಲ್ಲಿ. ಇಲ್ಲೇ. ಮರೀಬೇಡಿ ಅನ್ನುವ ಹಾಗೆ ಇನ್ನೊಮ್ಮೆ ಒತ್ತಿದಳು.

ಅವನಿಗೆ ಗೊತ್ತಾಗುವ ಮುಂಚೆಯೇ ಅವನ ಕೈ ಕುರ್ಚಿಯನ್ನು ಬಿಟ್ಟು ತನ್ನ ಎಡಗಲ್ಲಕ್ಕೆ ಹೋಗಿತ್ತು. ಬೆರಳು ಕಿವಿಯ ಬುಡದಿಂದ ಬಾಯಿಯ ತನಕ ಹುಡುಕಿತು. ಬೆಳಿಗ್ಗೆ ಬೋಳಿಸಿದ ಗಡ್ಡದ ಕೂಳೆ ಸಿಕ್ಕಿತು, ಬೆವರು ಸಿಕ್ಕಿತು. ಅಲ್ಲಿ ಬೇರೆ ಏನೂ ಇರಲಿಲ್ಲ.